ಇಲಿಯ ಶುಶ್ರೂಷೆ: ಒಂದಿಷ್ಟು ಇತಿಹಾಸ, ಒಂದಿಷ್ಟು ನೆನಪು

ಕಳೆದ ವರ್ಷದ ಬೇಸಿಗೆಯಲ್ಲಿ ಮದುವೆ, ಗೃಹಪ್ರವೇಶಗಳಿಗೆ ನಾನು ಬಾರದಿದ್ದುದಕ್ಕೆ ಮುನಿಸಿಕೊಂಡ ಬಂಧುಗಳಿಗೆ ಇಂದು ನಿಜಸಂಗತಿಯನ್ನು ಹೇಳಿಬಿಡುತ್ತೇನೆ. ಆ ದಿನಗಳಲ್ಲಿ ನಾನು ಬಳ್ಳಾರಿಯ ಮನೆಯಲ್ಲಿದ್ದುಕೊಂಡು ಒಂದು ಇಲಿಯ ಶುಶ್ರೂಷೆ ಮಾಡುತ್ತಿದ್ದೆ. ನಗುವವರು ನಗಬಹುದು. ಬೆಂಗಳೂರಿನಿಂದ ರಜೆಗೆಂದು ಬಂದ ಮೊಮ್ಮಗಳು ತನ್ನೊಡನೆ ಪಂಜರದಲ್ಲಿ ತಂದ ಬಿಳಿಯ ಇಲಿ ಅದು. ಚಿನ್ನು ಎಂದು ಅದರ ಹೆಸರು. ವಯಸ್ಸು ಎರಡು ವರ್ಷ ದಾಟಿತ್ತು. ಇಲಿಯ ಆಯುಸ್ಸೇ ಎರಡು, ಹೆಚ್ಚೆಂದರೆ ಮೂರು ವರ್ಷ. ಅಂದರೆ ಅದು ನನ್ನ ಓರಗೆಯದು ಎನ್ನಬೇಕು. ಬಂದ ವಾರದಲ್ಲೇ ಅದು ಅತಿಯಾಗಿ ನೀರು ಕುಡಿಯುವುದೂ ಪಂಜರದ ಹಾಸು ಸದಾ ಒದ್ದೆಯಾಗಿರುವುದೂ ಕಣ್ಣಿಗೆ ಬಿತ್ತು. ಮೈ ಇಳಿಯಿತು, ಕೂದಲು ಒರಟಾಯಿತು. ಪಶುವೈದ್ಯರು ರಕ್ತ ಪರೀಕ್ಷಿಸಿ, ಯೂರಿಯಾ ಮತ್ತು ಕ್ರಿಯಾಟಿನಿನ್ ಏರಿವೆ, ಮೂತ್ರಪಿಂಡಗಳು ಕೈಬಿಡುತ್ತಿವೆ ಎಂದರು. ರಜೆ ಮುಗಿಯಿತು, ಹುಡುಗಿ ಶಾಲೆಗೆ ಹೋಗಲೇಬೇಕಾಯಿತು. ರೋಗಿ ನನ್ನ ಪಾಲಿಗೆ ಉಳಿಯಿತು.

ನನ್ನ ಹುಟ್ಟೂರು ಕುರುಗೋಡಿನಲ್ಲಿ ನಮ್ಮ ಅಜ್ಜಿ ಬದುಕಿದ್ದಿದ್ದರೆ ಈ ಮಾತನ್ನು ಕೇಳಿ ಏನೆನ್ನುತ್ತಿದ್ದಳೋ! ಸಿಂದ ಅರಸರು ಆಳಿದ ಊರು, ದೊಡ್ಡಬಸವೇಶ್ವರನ ಊರು ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದ ಇತಿಹಾಸ ಆಕೆಗೆ ಮುಖ್ಯವಾಗಿರಲಿಲ್ಲ. ಆಕೆಯ ಇತಿಹಾಸ ‘ಇಲಿ ಬಿತ್ತು’ ಎಂಬ ಎರಡು ಪದಗಳಿಂದ ಆರಂಭವಾಗುತ್ತಿತ್ತು. ಅಟ್ಟದಿಂದ ಸತ್ತ ಇಲಿ ಬಿದ್ದರೆ ಆ ದಿನವೇ ಮನೆಗೆ ಬೀಗ ಹಾಕಿ, ಪಾತ್ರೆಪಡಗ ಬಂಡಿಗೇರಿಸಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿ, ಬೆಂಗಳೂರುಗಳನ್ನು ಮುಟ್ಟಿತು. ಆಗ ಮದ್ರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿ ಜಿಲ್ಲೆಯನ್ನೂ ಬಿಡಲಿಲ್ಲ. ಅದೇ 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ, ರೋಗವನ್ನು ದಾಟಿಸುವುದು ಇಲಿಯ ಮೈಮೇಲಿನ ಚಿಗಟ ಎಂದು ತೋರಿಸಿದ. ಬಹಳ ಕಾಲ ಯಾರೂ ಆತನನ್ನು ನಂಬಲಿಲ್ಲ. ಆದರೆ ಇಲಿ ಬಿದ್ದ ಮನೆಯಲ್ಲಿ ಇರಬಾರದೆಂಬುದನ್ನು ನಮ್ಮ ಹಳ್ಳಿಗರು ಆತನ ಅಪ್ಪಣೆಗೆ ಕಾಯದೆ ಕಂಡುಕೊಂಡಿದ್ದರು. ಇಲಿಯೂ ರೋಗಕ್ಕೆ ತುತ್ತಾಗಿಯೇ ಬೀಳುತ್ತಿತ್ತೆಂಬುದು ಮಾತ್ರ ಯಾರ ಮನಸ್ಸಿಗೂ ಬಂದಿರಲಾರದು.

ಸಿರುಗುಪ್ಪದಲ್ಲಿ ನಾನು ಕಂಡ ಇಲಿ ಬೇರೆ ಬಗೆಯದು. ವಿಜಯನಗರದ ಅರಸರ ಕಾಲದಿಂದಲೂ ಅಲ್ಲಿ, ದೇಶನೂರಿನಲ್ಲಿ ಹೊಳೆಯ ಕಾಲುವೆಗಳಿವೆ. 1953ರ ನಂತರ ತುಂಗಭದ್ರಾ ಅಣೆಕಟ್ಟಿನ ನೀರು ಹರಿದು ಸೀಮೆಯೆಲ್ಲ ಭತ್ತದ ಗದ್ದೆಯಾಯಿತು. ಗದ್ದೆಯ ಬದುವಿನಲ್ಲಿ ಹೆಗ್ಗಣ. ತೆಲುಗಿನವರು ಅದನ್ನು ‘ಪಂದಿಕೊಕ್ಕು’ ಎನ್ನುತ್ತಾರೆ, ಹಂದಿಯಿಲಿ ಎಂದರ್ಥ. ಇಂಗ್ಲಿಷಿನ ‘ಬ್ಯಾಂಡಿಕೂಟ್’ ಹುಟ್ಟಿದ್ದು ಅದರಿಂದಲೇ. ಕೊಯ್ಲು ಮುಗಿದ ಮೇಲೆ ಬಡವರು ಬಿಲಗಳನ್ನು ಅಗೆದು ಹೆಗ್ಗಣ ಕೂಡಿಟ್ಟ ಭತ್ತವನ್ನು ಮೊರದಲ್ಲಿ ಕೇರಿಕೊಳ್ಳುವುದನ್ನು ನೋಡಿದ್ದೇನೆ. ನನ್ನ ತರಗತಿಯ ಹುಡುಗರೂ ಕೆಲವರು ಆ ಕೆಲಸಕ್ಕೆಂದು ಶಾಲೆ ತಪ್ಪಿಸುತ್ತಿದ್ದರು. ಗದರಿಸಿದ್ದೇನೆ, ಈಗ ನೆನೆದರೆ ಗದರಿಸಬಾರದಿತ್ತು ಅನ್ನಿಸುತ್ತದೆ.

ಅಂಥ ಗದ್ದೆಗಳಲ್ಲಿ ಹರಡುವ ಇಲಿಜ್ವರದ ಕಥೆಯನ್ನು ನಾನು ಓದಿದ್ದು ಚಿನ್ನುವಿನ ದೆಸೆಯಿಂದ. 1886ರಲ್ಲಿ ಅಡಾಲ್ಫ್ ವೈಲ್ ಎಂಬ ಜರ್ಮನ್ ವೈದ್ಯ, ಕಾಮಾಲೆಯೂ ಮೂತ್ರಪಿಂಡದ ತೊಂದರೆಯೂ ಕೂಡಿದ ಜ್ವರವೊಂದನ್ನು ವಿವರಿಸಿದ. ಅದರ ಸುರುಳಿಯಾಕಾರದ ರೋಗಾಣುವನ್ನು 1915ರ ಸುಮಾರಿಗೆ ಜಪಾನಿನ ಇನಾಡಾ ಮತ್ತು ಇಡೊ ಗುರುತಿಸಿದರು. ಆ ರೋಗಾಣು ಇಲಿಯ ಮೂತ್ರಪಿಂಡದಲ್ಲಿ ಮನೆಮಾಡಿಕೊಂಡಿರುತ್ತದೆ, ಮೂತ್ರದೊಡನೆ ಗದ್ದೆಯ ನೀರಿಗೆ ಬರುತ್ತದೆ, ಒಡೆದ ಕಾಲಿನ ಬಿರುಕಿನಿಂದ ಮನುಷ್ಯನೊಳಗೆ ಸೇರುತ್ತದೆ. ಹೊತ್ತ ಇಲಿಗೆ ಬಹುಮಟ್ಟಿಗೆ ಬಾಧೆಯಿಲ್ಲ; ಕೆಡುವುದು ನಾಟಿ ಮಾಡುವವನ ಮೂತ್ರಪಿಂಡ. ಸಾಕಿದ ಇಲಿಯಲ್ಲಿಯೂ ಅದು ಇರಬಹುದೆಂದು ವೈದ್ಯರು ಎಚ್ಚರಿಸಿದ್ದರಿಂದ, ಪಂಜರ ಮುಟ್ಟಿದಾಗಲೆಲ್ಲ ಸಾಬೂನಿನಿಂದ ಕೈ ತೊಳೆಯುವುದು ನನ್ನ ವ್ರತವಾಯಿತು.

ಇಲಿಯ ಋಣವೂ ನಮ್ಮ ಮೇಲಿದೆ. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ 1920ರ ದಶಕದಲ್ಲಿ ಇಲಿಗಳಿಗೆ ಭಾರತದ ಬೇರೆಬೇರೆ ಸೀಮೆಗಳ ಊಟವನ್ನೇ ಬಡಿಸಿದರು. ಸಿಖ್ಖರ ಗೋಧಿರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿ ತಿಂದವು ಚೆನ್ನಾಗಿ ಬೆಳೆದವು. ಮದ್ರಾಸಿನವರ ಅಕ್ಕಿಯೂಟದ ಇಲಿಗಳು ಸೊರಗಿದವು. (ಜೋಳದ ರೊಟ್ಟಿ ಉಂಡು ಬೆಳೆದ ಕುರುಗೋಡಿನವನಿಗೆ ಇದನ್ನು ಓದಿ ಸಂತೋಷವಾಯಿತೆಂದರೆ ಸಿರುಗುಪ್ಪದ ಶಿಷ್ಯರು ಕ್ಷಮಿಸಬೇಕು.) ಕೊರತೆಯ ಆಹಾರದಿಂದ ಇಲಿಗಳ ಮೂತ್ರಕೋಶದಲ್ಲಿ ಕಲ್ಲು ಬೆಳೆಯುವುದನ್ನೂ ಅವರು ಅಲ್ಲಿಯೇ ತೋರಿಸಿದರು. ಆ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಹೋಗಿ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ಮುದಿ ಇಲಿಗಳ ಮೂತ್ರಪಿಂಡ ತಾನಾಗಿಯೇ ಸವೆಯುತ್ತದೆ, ಗಂಡಿನಲ್ಲಿ ಹೆಚ್ಚು, ಮಿತಾಹಾರದಿಂದ ಅದು ನಿಧಾನವಾಗುತ್ತದೆ ಎಂಬುದೂ ಪ್ರಯೋಗಾಲಯಗಳ ಇಲಿಗಳೇ ಕಲಿಸಿದ ಪಾಠ.

ಚಿನ್ನುವಿಗೆ ನಾನು ಮಾಡಿದ್ದು ಇಷ್ಟೆ. ಅಡುಗೆಮನೆಯ ತಕ್ಕಡಿಯಲ್ಲಿ ಬೆಳಿಗ್ಗೆ ತೂಗುವುದು, ಹಳೆಯ ಹಾಜರಿ ಪುಸ್ತಕದಲ್ಲಿ ಬರೆಯುವುದು. ಮೊದಲ ದಿನ 412 ಗ್ರಾಂ. ಕಡಲೆ, ಮೊಟ್ಟೆ ನಿಲ್ಲಿಸಿ ಮೆತ್ತಗಿನ ಅನ್ನ, ಬೇಯಿಸಿದ ಸೋರೆಕಾಯಿ, ಸೌತೆಕಾಯಿ. ಬಳ್ಳಾರಿಯ ಬಿಸಿಲಿನಲ್ಲಿ ಪಂಜರದ ಮಗ್ಗುಲಿಗೆ ಒದ್ದೆ ಬಟ್ಟೆ. ಸಂಜೆ, ವೈದ್ಯರು ಕಲಿಸಿಕೊಟ್ಟಂತೆ, ಕೈಗೆ ಬೆಚ್ಚಗೆನಿಸುವಷ್ಟು ಕಾಯಿಸಿದ ಸಲೈನನ್ನು ಹತ್ತು ಮಿಲಿಲೀಟರಿನಷ್ಟು ಸಿರಿಂಜಿನಲ್ಲಿ ತೆಗೆದು, ಹೆಗಲ ಮೇಲಿನ ಸಡಿಲ ಚರ್ಮವನ್ನೆತ್ತಿ ಅದರಡಿ ಬಿಡುವುದು. ಗೂನಿನಂತೆ ಉಬ್ಬಿ, ಕೆಲಹೊತ್ತಿನಲ್ಲಿ ಒಳಗೆ ಇಳಿದುಹೋಗುತ್ತಿತ್ತು. ಮೊದಲ ದಿನ ನನ್ನ ಕೈ ನಡುಗಿತು, ಹೆಂಡತಿ ಹಿಡಿದುಕೊಂಡಳು. ಒಂದು ದಿನ ಕಣ್ಣಂಚಿನಲ್ಲಿ ಕೆಂಪು ಕಂಡು ರಕ್ತವೆಂದು ಗಾಬರಿಯಾಗಿ ದೂರವಾಣಿ ಮಾಡಿದೆ. ರಕ್ತವಲ್ಲವಂತೆ. ಪೋರ್ಫಿರಿನ್ ಎಂಬ ವರ್ಣದ್ರವ್ಯ; ಇಲಿಗೆ ನೋವಾದರೆ, ಕಾಯಿಲೆಯಾದರೆ ಕಣ್ಣೀರು ಕೆಂಪಾಗುತ್ತದೆ.

ಈ ಸಲೈನಿನ ಹೊತ್ತಿಗೆ ನನಗೆ ದಿನವೂ ನನ್ನ ಅಣ್ಣ ನೆನಪಾಗುತ್ತಿದ್ದ. 1977ರಲ್ಲಿ ಅವನಿಗೆ ಇಪ್ಪತ್ತಾರು. ಮುಖ, ಕಾಲು ಊದಿಕೊಂಡು ಎರಡು ಮೂತ್ರಪಿಂಡಗಳೂ ಹೋದವೆಂದು ತಿಳಿಯಿತು. ವಿಲ್ಲೆಂ ಕಾಲ್ಫ್ ಎಂಬ ಡಚ್ ವೈದ್ಯ ಡಯಾಲಿಸಿಸ್ ಯಂತ್ರವನ್ನು 1943ರಲ್ಲಿಯೇ ಮಾಡಿದ್ದರು. ವೆಲ್ಲೂರಿನಲ್ಲಿ 1971ರಲ್ಲಿ ಮೂತ್ರಪಿಂಡದ ಕಸಿಯೂ ಆಗಿತ್ತು. ಆದರೆ ಕುರುಗೋಡಿನ ಒಕ್ಕಲು ಮನೆತನಕ್ಕೆ ವೆಲ್ಲೂರು ಚಂದ್ರಲೋಕದಷ್ಟು ದೂರ. ವೈದ್ಯರೊಬ್ಬರು ನೀರಿನ ಲೆಕ್ಕ ಕೊಟ್ಟರು: ಹಿಂದಿನ ದಿನ ಹೋದ ಮೂತ್ರದಷ್ಟು, ಅದರ ಮೇಲೆ ಅರ್ಧ ಲೀಟರು, ಅಷ್ಟೆ. ಅಳೆಯುವ ಕೆಲಸ ನನ್ನದು. ವೈಶಾಖದ ಬಿಸಿಲಿನಲ್ಲಿ ಅಣ್ಣ ‘ಒಂದು ಗುಟುಕು ಕೊಡೋ’ ಎಂದು ಕೈ ಚಾಚುತ್ತಿದ್ದ. ನಾನು ಕೊಡಲಿಲ್ಲ. ಹಿತ್ತಾಳೆಯ ಲೋಟವನ್ನು ಗೂಡಿನ ಮೇಲೆ ಎತ್ತಿಡುತ್ತಿದ್ದೆ. ಆಷಾಢದಲ್ಲಿ ಹೋಗಿಬಿಟ್ಟ.

ಇಲಿಗೆ ನೀರು ಕೊಡಿ, ಮನುಷ್ಯನಿಗೆ ಕೊಡಬೇಡಿ ಎಂದರೇನು ಎಂದು ಪಶುವೈದ್ಯರನ್ನು ಕೇಳಿದೆ. ಅವರು ತಾಳ್ಮೆಯಿಂದ ವಿವರಿಸಿದರು. ಚಿನ್ನುವಿನ ಮೂತ್ರಪಿಂಡ ನೀರನ್ನು ಹಿಡಿದಿಡಲಾರದು, ಎಲ್ಲವೂ ಸೋರಿಹೋಗುತ್ತದೆ, ಅದಕ್ಕೆ ತುಂಬಬೇಕು. ಮೂತ್ರವೇ ನಿಂತುಹೋದ ರೋಗಿಗೆ ಕುಡಿದ ನೀರು ಶ್ವಾಸಕೋಶಕ್ಕೆ ಏರುತ್ತದೆ. ನಾನು ಮಾಡಿದ್ದು ಸರಿಯೇ ಆಗಿತ್ತಂತೆ. ನಲವತ್ತೇಳು ವರ್ಷಗಳಲ್ಲಿ ಈ ಪ್ರಶ್ನೆಯನ್ನು ನಾನು ಯಾರನ್ನೂ ಕೇಳಿರಲಿಲ್ಲ. ಉತ್ತರ ತಿಳಿದ ಮೇಲೂ ಆ ಚಾಚಿದ ಕೈ ಹಾಗೆಯೇ ಇದೆ.

ಹಾಜರಿ ಪುಸ್ತಕದಲ್ಲಿ ಕೊನೆಯ ತೂಕ 287 ಗ್ರಾಂ. ಹಿಂಗಾಲು ಸೋತಿದ್ದವು, ಕೊನೆಯ ದಿನ ಊಟ ಮುಟ್ಟಲಿಲ್ಲ, ನನ್ನ ಬೆರಳಿನಿಂದ ನೀರು ನೆಕ್ಕಿತು. ಮೊಮ್ಮಗಳ ಅಪೇಕ್ಷೆಯಂತೆ ಕುರುಗೋಡಿನ ಹೊಲದಲ್ಲಿ, ಬೇವಿನ ಮರದ ಬುಡದಲ್ಲಿ ಹೂತೆವು. ಪ್ಲೇಗಿನ ವರ್ಷಗಳಲ್ಲಿ ಅಜ್ಜಿಯ ಮನೆಯವರು ಗುಡಿಸಲು ಹಾಕಿದ್ದು ಇದೇ ಹೊಲದಲ್ಲಿ. ‘ಇಲಿಗೆ ಹೆದರಿ ಇಲ್ಲಿಗೆ ಬಂದವರ ಹೊಲಕ್ಕೇ ಇಲಿಯನ್ನು ತಂದಿರಲ್ಲ’ ಎಂದು ಹೆಂಡತಿ ನಕ್ಕಳು, ಸೆರಗಿನಿಂದ ಕಣ್ಣನ್ನೂ ಒರೆಸಿಕೊಂಡಳು. ಮುಂದಿನ ದಸರೆಗೆ ಮೊಮ್ಮಗಳು ಎರಡು ಮರಿಗಳನ್ನು ತರುವಳಂತೆ. ಇಲಿ ಒಂಟಿಯಾಗಿ ಇರಬಾರದಂತೆ.