ಸಣ್ಣ ಎಟಿವಿ ಎಂಜಿನ್: ನಿರ್ವಹಣೆ, ದುರಸ್ತಿ

ಮರಳು, ಕೆಸರು, ಕಲ್ಲುದಾರಿಗಳಲ್ಲಿ ಓಡಿಸುವ ಅಗಲ ಟೈರಿನ ವಾಹನ ಎಟಿವಿ. 50ರಿಂದ 125 ಸಿಸಿವರೆಗಿನ ಎಟಿವಿಗಳಲ್ಲಿ ಅನೇಕವು ಒಂದೇ ಬಗೆಯ ಎಂಜಿನ್‌ ಹೊಂದಿವೆ: ಗಾಳಿಯಿಂದ ತಣಿಯುವ, ಸಿಲಿಂಡರ್ ಬಹುಮಟ್ಟಿಗೆ ಅಡ್ಡ ಮಲಗಿರುವ ಫೋರ್-ಸ್ಟ್ರೋಕ್ ಎಂಜಿನ್.

ಮೂಲ

ಇದರ ಮೂಲ ಹೋಂಡಾ ಸೂಪರ್ ಕಬ್. 1958ರ ಮೊದಲ ಕಬ್‌ನಲ್ಲಿ ವಾಲ್ವ್‌ಗಳು ಪುಶ್‌ರಾಡ್‌ನಿಂದ ನಡೆಯುತ್ತಿದ್ದವು. 1960ರ ದಶಕದಲ್ಲಿ ಕ್ಯಾಮ್‌ಶಾಫ್ಟ್ ಹೆಡ್‌ಗೆ ಏರಿತು. ಒಸಾಮು ತಾಕೆಉಚಿ ರೂಪಿಸಿ, 1970ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮೂರು ಚಕ್ರದ ಯುಎಸ್90ರಲ್ಲಿ ಇದೇ ಬಗೆಯ 89 ಸಿಸಿ ಎಂಜಿನ್ ಇತ್ತು. ಮುಂದೆ ಚೀನಾದ ಕಾರ್ಖಾನೆಗಳು ಈ ವಿನ್ಯಾಸವನ್ನೇ ನಕಲು ಮಾಡಿದವು. ನಮ್ಮ ಸಿಡಿ100, ಸ್ಪ್ಲೆಂಡರ್ ಬೈಕುಗಳ 97.2 ಸಿಸಿ ಎಂಜಿನ್ನೂ ಇದಕ್ಕೆ ಹತ್ತಿರದ ಸಂಬಂಧಿ. ಸ್ಪ್ಲೆಂಡರ್ ಬಿಚ್ಚಿ ಪಳಗಿದ ಮೆಕ್ಯಾನಿಕ್‌ಗೆ ಇದು ಅಪರಿಚಿತವಾಗದು. ಆದರೆ ಬಿಡಿಭಾಗಗಳು ಹಾಗೇ ಕೂರುತ್ತವೆಂದು ನಂಬದೆ ಅಳತೆ ನೋಡಿಯೇ ಕೊಳ್ಳಬೇಕು.

ಆಯಿಲ್, ಗಾಳಿ

ಆಯಿಲ್ ಹಿಡಿಯುವುದು ಸಾಮಾನ್ಯವಾಗಿ ಒಂದು ಲೀಟರಿಗೂ ಕಡಿಮೆ. ಹಲವು ಮಾದರಿಗಳಲ್ಲಿ ಕಾಗದದ ಫಿಲ್ಟರ್ ಇಲ್ಲ. ಜಾಲರಿಯ ಜೊತೆಗೆ, ಕ್ಲಚ್ಚಿನೊಂದಿಗೆ ಗಿರಗಿರ ತಿರುಗುವ ಒಂದು ಬಟ್ಟಲು ಕಸವನ್ನು ಅಂಚಿಗೆ ಎಸೆದು ಹಿಡಿದಿಡುತ್ತದೆ. ಬಲಬದಿಯ ಕವರ್ ತೆಗೆದರೆ ಆ ಬಟ್ಟಲಿನ ಒಳಗೋಡೆಗೆ ಕಪ್ಪು ಮಡ್ಡಿ ಮೆತ್ತಿರುವುದು ಕಾಣುತ್ತದೆ. ಎಷ್ಟು ಸಲ ಆಯಿಲ್ ಬದಲಿಸಿದರೂ ಅದು ಹೊರಬಾರದು, ಕೆರೆದೇ ತೆಗೆಯಬೇಕು. ಕ್ಲಚ್ ಆಯಿಲ್‌ನಲ್ಲೇ ಮುಳುಗಿರುವುದರಿಂದ ಜಾಸೋ ಎಂಎ ದರ್ಜೆಯದನ್ನೇ ಹಾಕುವುದು ಲೇಸು. ಏರ್ ಫಿಲ್ಟರಿನ ಸ್ಪಂಜನ್ನು ತೊಳೆದು, ಒಣಗಿಸಿ, ಆಯಿಲ್ ಸವರಿ ಕೂರಿಸಬೇಕು. ಅಂಚಿನ ಸಂದಿಯಲ್ಲಿ ನುಗ್ಗಿದ ದೂಳು ರಿಂಗನ್ನೂ ಬೋರನ್ನೂ ಸವೆಸುತ್ತದೆ.

ಟ್ಯಾಪೆಟ್

ಸ್ಟಾರ್ಟ್ ಆಗಲು ಸತಾಯಿಸಿದರೆ ಜನ ಮೊದಲು ಕಾರ್ಬುರೇಟರನ್ನೇ ದೂರುತ್ತಾರೆ. ಚೋಕ್ ಎಳೆದಾಗ ಮಾತ್ರ ಓಡಿದರೆ ಅನುಮಾನ ಸರಿಯಿರಬಹುದು: ಹಳೆಯ ಪೆಟ್ರೋಲ್ ಅಂಟಾಗಿ ಪೈಲಟ್ ಜೆಟ್ ಕಟ್ಟಿಕೊಂಡಿರುತ್ತದೆ. ಇಲ್ಲವಾದರೆ ಟ್ಯಾಪೆಟ್, ಅಂದರೆ ವಾಲ್ವ್‌ಗೂ ರಾಕರಿಗೂ ನಡುವಿನ ಗ್ಯಾಪ್, ನೋಡಬೇಕು. ವಾಲ್ವೂ ಅದರ ಸೀಟೂ ಸವೆದಂತೆ ವಾಲ್ವ್ ರಾಕರ್ ಕಡೆಗೆ ಸರಿಯುತ್ತದೆ, ಗ್ಯಾಪ್ ಮುಚ್ಚಿಕೊಳ್ಳುತ್ತದೆ. ಆಗ ವಾಲ್ವ್ ಪೂರ್ತಿ ಕೂರದೆ ಕಂಪ್ರೆಶನ್ ಸೋರುತ್ತದೆ. ಎಕ್ಸಾಸ್ಟ್ ವಾಲ್ವ್ ಶಾಖವನ್ನು ಸೀಟಿಗೆ ದಾಟಿಸಲಾಗದೆ ಸುಡುತ್ತದೆ. ಹಾಗಾಗಿ ತುಸು ಟಕಟಕ ಎನ್ನುವ ಟ್ಯಾಪೆಟ್‌ಗಿಂತ ಮೌನವಾದದ್ದೇ ಹೆಚ್ಚು ಅಪಾಯಕಾರಿ.

ತಣ್ಣಗಿರುವ ಎಂಜಿನ್ನಿನ ಮ್ಯಾಗ್ನೆಟ್ಟನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿ, 'ಟಿ' ಗುರುತನ್ನು ಕೇಸಿನ ಗುರುತಿಗೆ ತರಬೇಕು. ಎರಡೂ ರಾಕರ್ ಸಡಿಲವಿಲ್ಲದಿದ್ದರೆ ಇನ್ನೊಂದು ಸುತ್ತು. ಗ್ಯಾಪ್ ಬಹುಪಾಲು ಎರಡಕ್ಕೂ 0.05 ಮಿ.ಮೀ.; ಫೀಲರ್ ಗೇಜ್ ಹಗುರವಾಗಿ ಹಿಡಿದು ಜಾರಬೇಕು. ಲಾಕ್‌ನಟ್ ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗುವುದುಂಟು. ಬಿಗಿದ ಮೇಲೆ ಮತ್ತೆ ಅಳೆಯದಿದ್ದರೆ ಮಾಡಿದ ಕೆಲಸವೆಲ್ಲ ವ್ಯರ್ಥ.

ಬಿಚ್ಚಿ ಕಟ್ಟುವುದು

ಗ್ಯಾಪ್ ಸರಿಯಿದ್ದೂ ಕಂಪ್ರೆಶನ್ ಕಡಿಮೆಯಿದ್ದು ನೀಲಿ ಹೊಗೆ ಬಂದರೆ ಬೋರ್, ಪಿಸ್ಟನ್, ರಿಂಗ್ ಪರೀಕ್ಷಿಸಬೇಕು. ಮರುಜೋಡಿಸುವಾಗ ಹೆಡ್ ನಟ್‌ಗಳನ್ನು ಅಡ್ಡಡ್ಡವಾಗಿ, ಹಂತಹಂತವಾಗಿ ಬಿಗಿಯಬೇಕು. ತಾಮ್ರದ ವಾಷರ್ ಯಾವ ಸ್ಟಡ್‌ನಲ್ಲಿತ್ತೋ ಅಲ್ಲಿಗೇ ಮರಳಬೇಕು; ಬೇರೆಡೆ ಹಾಕಿದರೆ ಮೊದಲಿನ ಸ್ಟಡ್‌ನ ನಟ್ ಅಡಿಯಿಂದ ಆಯಿಲ್ ಜಿನುಗುತ್ತದೆ.