ಎರಡನೇ ಅಕ್ಷರದ ಕಾವಲು

ಅರಸೀಕೆರೆ ಸೀಮೆಯ ನಮ್ಮೂರಲ್ಲಿ ಮಳೆ ಕೈಕೊಟ್ಟ ವರ್ಷ ಗುಡಿ ಜಗಲಿ ಮೇಲೆ ಕುಮಾರವ್ಯಾಸ ಭಾರತದ ವಿರಾಟಪರ್ವ ಓದಿಸ್ತಾರೆ. ಓದಿದರೆ ಮಳೆ ಬರುತ್ತೆ ಅನ್ನೋ ನಂಬಿಕೆ ಹಳೇ ಮೈಸೂರು ಕಡೆ ಬಹಳ ಊರುಗಳಲ್ಲಿದೆ. ನಾನು ಬಿಇ ಎರಡನೇ ವರ್ಷದಲ್ಲಿದ್ದಾಗ ಓದೋರು ಯಾರೂ ಸಿಗದೆ, "ಕಾಲೇಜು ಓದ್ತಾವ್ನೆ, ಓದ್ಲಿ ಬಿಡಿ" ಅಂತ ನನ್ನನ್ನೇ ಕೂರಿಸಿದರು. ಸಂತೆಯಲ್ಲಿ ಕೊಂಡಿದ್ದ ಅಗ್ಗದ ಮುದ್ರಣದ ಪುಸ್ತಕ. ರಾಗ ಗೀಗ ಗೊತ್ತಿಲ್ಲದೆ ಪೇಪರ್ ಓದಿದ ಹಾಗೆ ಓದ್ತಿದ್ದೆ. ಕಂಬಕ್ಕೆ ಒರಗಿ ಕೂತಿದ್ದ ತಾತ ಇದ್ದಕ್ಕಿದ್ದ ಹಾಗೆ ಕೈ ಎತ್ತಿ, "ನಿಲ್ಸು, ಆ ಸಾಲು ತಪ್ಪು" ಅಂದ.

"ಪುಸ್ತಕದಲ್ಲೇ ಹಿಂಗಿದೆ ತಾತ."

"ಪುಸ್ತಕವೇ ತಪ್ಪು. ಮಿಕ್ಕ ಐದು ಸಾಲಲ್ಲೂ ನಕಾರ ಬಂದೈತೆ. ಇದರಲ್ಲಿ ಮಾತ್ರ ತಕಾರ ಹೆಂಗ್ಲಾ ಬಂತು?"

ತಾತ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಾನೋ ಪಿಯುಸಿ ಕನ್ನಡ ಪರೀಕ್ಷೆಯಲ್ಲಿ "ಗೋವಿಂದ ಪೈಗಳು ಪ್ರಾಸದ ಸಂಕೋಲೆಯನ್ನು ಕಳಚಿ ಕನ್ನಡ ಕಾವ್ಯಕ್ಕೆ ಬಿಡುಗಡೆ ತಂದರು" ಅಂತ ಬರೆದು ಐದಕ್ಕೆ ಐದು ತಗೊಂಡವನು. ಆ ಸಂಕೋಲೆ ಏನು ಕೆಲಸ ಮಾಡ್ತಿತ್ತು ಅಂತ ಮೇಷ್ಟ್ರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮರೆತವರಿಗಾಗಿ ಎರಡು ಮಾತು. ಹಳಗನ್ನಡ, ನಡುಗನ್ನಡ ಪದ್ಯಗಳಲ್ಲಿ ಪ್ರಾಸ ಬರೋದು ಸಾಲಿನ ಕೊನೆಯಲ್ಲಿ ಅಲ್ಲ, ಎರಡನೇ ಅಕ್ಷರದಲ್ಲಿ. ಒಂದು ಸಾಲು 'ಮಳೆ' ಅಂತ ಶುರುವಾದರೆ ಮುಂದಿನವು 'ಹೊಳೆ', 'ತಳಿರು', 'ಬೆಳಗು' ಅಂತ ಶುರುವಾಗಬೇಕು. ಸ್ವರ ಬೇರೆ ಇರಬಹುದು, ವ್ಯಂಜನ ಒಂದೇ ಇರಬೇಕು. ಕಂದ ಪದ್ಯವಾದರೆ ನಾಲ್ಕು ಸಾಲು, ಷಟ್ಪದಿಯಾದರೆ ಆರೂ ಸಾಲು. ಆ ಎರಡನೇ ಅಕ್ಷರದ ಹಿಂದೆ ಏನಿದೆ ಅನ್ನೋದಕ್ಕೂ ಲೆಕ್ಕ ಉಂಟು. ಹಿಂದಿನ ಅಕ್ಷರ ಹ್ರಸ್ವವಾದರೆ ಸಿಂಹ ಪ್ರಾಸ, ದೀರ್ಘವಾದರೆ ಗಜ, ಸೊನ್ನೆ ಇದ್ದರೆ ವೃಷಭ, ಹೀಗೆ ಆರು ಪ್ರಾಣಿಗಳ ಹೆಸರಲ್ಲಿ ಆರು ಬಗೆ. ಇದು ಎಷ್ಟು ಹಳೇ ಹಟ ಅಂದರೆ, 9ನೇ ಶತಮಾನದ ಕವಿರಾಜಮಾರ್ಗವೇ ಕನ್ನಡ ಕವಿಗಳು ಯತಿಯನ್ನು ಮೀರಿ ಪ್ರಾಸವನ್ನು ಹಿಡಿದರು ಅನ್ನುತ್ತೆ. ಅಂದರೆ ಸಂಸ್ಕೃತದ ಒಂದು ನಿಯಮ ಬಿಟ್ಟು ನಮ್ಮದೇ ಒಂದನ್ನು ಕಟ್ಟಿಕೊಂಡಿದ್ದು. ಸಂಕೋಲೆ ಅಂತೀವಲ್ಲ, ಅದನ್ನ ಯಾರೂ ನಮಗೆ ಹೊರಗಿನಿಂದ ತಂದು ತೊಡಿಸಲಿಲ್ಲ.

ನಮ್ಮ ಕೆಲಸದಲ್ಲಿ ಚೆಕ್‌ಸಮ್ ಅಂತ ಒಂದಿದೆ. ಒಂದು ಫೈಲನ್ನು ಇಲ್ಲಿಂದ ಅಲ್ಲಿಗೆ ಕಳಿಸುವಾಗ ಜೊತೆಗೆ ಒಂದು ಸಣ್ಣ ಸಂಖ್ಯೆ ಕಳಿಸ್ತೀವಿ. ಆ ಕಡೆಯವರು ಲೆಕ್ಕ ಹಾಕಿ ನೋಡಿದಾಗ ಅದು ತಾಳೆಯಾಗದಿದ್ದರೆ ದಾರಿಯಲ್ಲಿ ಏನೋ ಕೆಟ್ಟಿದೆ ಅಂತ ಅರ್ಥ. ತಾತ ಜಗಲಿ ಮೇಲೆ ಮಾಡಿದ್ದು ಅದನ್ನೇ. ಓಲೆಗರಿಯಿಂದ ಓಲೆಗರಿಗೆ, ಬಾಯಿಂದ ಬಾಯಿಗೆ ಪದ್ಯ ದಾಟುವಾಗ ಲಿಪಿಕಾರ ತೂಕಡಿಸಿದರೆ, ಹಾಡುವವನು ಮರೆತರೆ, ಎರಡನೇ ಅಕ್ಷರ ಕೂಗಿ ಹೇಳುತ್ತೆ. ಗ್ರಂಥ ಸಂಪಾದನೆ ಮಾಡುವ ವಿದ್ವಾಂಸರು ಎರಡು ಪಾಠಗಳಲ್ಲಿ ಯಾವುದು ಸರಿ ಅಂತ ತೂಗುವಾಗ ಪ್ರಾಸ ಕೆಟ್ಟಿದೆಯಾ ಅಂತ ನೋಡೋದೂ ಇದಕ್ಕೇ. ಸಾಲಿಗೆ ಒಂದು ಅಕ್ಷರದ ಕಾವಲು ಅಷ್ಟೇ, ನಿಜ. ಸಾಲಿನ ನಡುವೆ ಪದ ಬದಲಾದರೆ ಅದಕ್ಕೆ ತಿಳಿಯಲ್ಲ. ಆ ಕೆಲಸಕ್ಕೆ ಮಾತ್ರೆಯ ಎಣಿಕೆ ಇತ್ತು. ಭಾಮಿನಿಯ ಮೂರು-ನಾಲ್ಕು ಮೂರು-ನಾಲ್ಕರ ನಡಿಗೆಯಲ್ಲಿ ಒಂದು ಮಾತ್ರೆ ಜಾರಿದರೂ ಕಿವಿ ಎಡವುತ್ತೆ.

ಹಲಗೆ ಬಳಪ ಹಿಡಿಯದೆ, ಇಟ್ಟ ಪದವನ್ನು ಅಳಿಸದೆ ಬರೆದೆ ಅಂತ ಕುಮಾರವ್ಯಾಸ ಹೇಳಿಕೊಳ್ತಾನೆ. ಬ್ಯಾಕ್‌ಸ್ಪೇಸ್ ಸವೆಸುವ ನಮಗೆ ಅದು ಬರೀ ಜಂಬದ ಹಾಗೆ ಕೇಳಿಸುತ್ತೆ. ಆದರೆ ಪ್ರಾಸವೇ ಮುಂದಿನ ಸಾಲಿನ ಬಾಗಿಲು ತೆಗೆದುಕೊಡ್ತಿತ್ತು ಅಂತ ಯೋಚಿಸಿದರೆ ಪೂರ್ತಿ ಜಂಬ ಅಲ್ಲವೇನೋ ಅನ್ನಿಸುತ್ತೆ.

ಈಗ 1911ಕ್ಕೆ ಬರೋಣ. ಅದೇ ವರ್ಷ ಧಾರವಾಡದಲ್ಲಿ ಬಿ.ಎಂ.ಶ್ರೀ ಕನ್ನಡ ತಲೆಯೆತ್ತುವ ಬಗೆ ಯಾವುದು ಅಂತ ಭಾಷಣ ಮಾಡ್ತಾರೆ. ಅದೇ ವರ್ಷ ಮಂಜೇಶ್ವರದ ಗೋವಿಂದ ಪೈ, ಆಗ ಇಪ್ಪತ್ತೆಂಟರ ಹುಡುಗ, ಇನ್ನು ಮೇಲೆ ದ್ವಿತೀಯಾಕ್ಷರ ಪ್ರಾಸ ಬೇಡ ಅಂತ ತೀರ್ಮಾನಿಸ್ತಾರೆ. ಪಂಡಿತರಿಗೆ ಹಿಡಿಸಲಿಲ್ಲ, ಪ್ರಾಸ ಬೇಕೇ ಬೇಡವೇ ಅನ್ನೋ ಜಗಳ ಬಹಳ ಕಾಲ ನಡೀತು. ಪೈಗಳ ಮೊದಲ ಸಂಕಲನ 'ಗಿಳಿವಿಂಡು' ಪುಸ್ತಕವಾಗಿ ಬಂದದ್ದು 1930ರಲ್ಲಿ. ಅಷ್ಟೊತ್ತಿಗೆ 'ಇಂಗ್ಲಿಷ್ ಗೀತಗಳು' ಬಂದಾಗಿತ್ತು, ಜಗಳ ಮುಗಿದು ಗೆದ್ದವರು ಯಾರು ಅಂತ ಗೊತ್ತಾಗಿಹೋಗಿತ್ತು.

ನಮ್ಮ ವಿಮರ್ಶೆ ಇದಕ್ಕೆ ಕೊಡೋ ಕಾರಣ ಸಾಮಾನ್ಯವಾಗಿ ಒಂದೇ: ಇಂಗ್ಲಿಷ್ ಕಾವ್ಯದ ಓದು, ಅದರಿಂದ ಬಂದ ಸ್ವಾತಂತ್ರ್ಯದ ಆಸೆ. ಸುಳ್ಳಲ್ಲ. ಆದರೆ ಪೈಗಳ ಊರಿನ ಹತ್ತಿರದ ಮಂಗಳೂರಲ್ಲಿ 1841ರಲ್ಲೇ ಬಾಸೆಲ್ ಮಿಷನ್ನಿನ ಮುದ್ರಣಾಲಯ ಶುರುವಾಗಿತ್ತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಅಲ್ಲಿಂದಲೇ ಹೊರಟಿತ್ತು. ಪೈಗಳು ಹುಟ್ಟಿದ 1883ಕ್ಕಾಗಲೇ ಅಚ್ಚಿನ ಮೊಳೆ ಆ ಸೀಮೆಗೆ ಹಳೇ ಸಂಗತಿ. ಒಮ್ಮೆ ಮೊಳೆ ಜೋಡಿಸಿ ಕರಡು ತಿದ್ದಿದರೆ ನೂರು ಪ್ರತಿಯೂ ಒಂದೇ ಥರ. ಪದ್ಯ ತನ್ನ ಕಾವಲನ್ನು ತಾನೇ ಹೊತ್ತು ತಿರುಗಬೇಕಾದ ಕಾಲ ಮುಗಿದಿತ್ತು. ಕಾವಲುಗಾರನಿಗೆ ಕೆಲಸ ಇಲ್ಲದ ಮನೆಯಲ್ಲಿ ಅವನು ದಾರಿಗೆ ಅಡ್ಡ ನಿಂತ ಹಾಗೇ ಕಾಣ್ತಾನೆ. ಇದು ನನ್ನ ಊಹೆ, ಪೈಗಳು ಹೀಗಂದರು ಅಂತ ಹೇಳ್ತಿಲ್ಲ.

ಅಡ್ಡ ನಿಂತಿದ್ದೂ ನಿಜವೇ. ಪ್ರಾಸಕ್ಕೋಸ್ಕರ ತುರುಕಿದ ಸತ್ತ ಪದಗಳು ಹಳೇ ಕಾವ್ಯಗಳಲ್ಲಿ ಬೇಕಾದಷ್ಟಿವೆ. ನಾಟಕಕ್ಕಂತೂ ಇದು ದೊಡ್ಡ ತೊಡಕು. ರಂಗದ ಮೇಲೆ ಇಬ್ಬರು ಜಗಳಾಡುವಾಗ ಒಬ್ಬನ ಮಾತು ಸಾಲಿನ ನಡುವೆ ನಿಂತು ಇನ್ನೊಬ್ಬ ಅಲ್ಲಿಂದಲೇ ಎತ್ತಿಕೊಳ್ಳಬೇಕು. ಪ್ರತಿ ಸಾಲಿನ ತಲೆಯಲ್ಲೂ ಪ್ರಾಸ ಕೂತಿದ್ದರೆ ಆ ಓಟ ಸಾಧ್ಯವಿಲ್ಲ. ಪ್ರಾಸ ಕಳಚಿ, ಸಾಲಿಂದ ಸಾಲಿಗೆ ಹರಿಯುವ ಸರಳ ರಗಳೆ ಬಂದಿರದಿದ್ದರೆ 1944ರ 'ಶೂದ್ರ ತಪಸ್ವಿ' ಥರದ ನಾಟಕ ಆ ರೂಪದಲ್ಲಿ ಬರ್ತಿರಲಿಲ್ಲ. ಶಂಬೂಕನ ಕತೆಯನ್ನು ಕುವೆಂಪು ತಿರುಗಿಸಿ ಕೇಳಿದ ಪ್ರಶ್ನೆಗೆ ಬಾಗಿಲು ತೆಗೆದವರಲ್ಲಿ ಗೋವಿಂದ ಪೈಗಳೂ ಇದ್ದಾರೆ. ಆ ಲಾಭವನ್ನು ನಾನು ವಾಪಸ್ ಕೊಡೋಕೆ ತಯಾರಿಲ್ಲ.

ವಚನಗಳಿಗೆ ಪ್ರಾಸ ಇರಲಿಲ್ಲವಲ್ಲ, ಅವು ಉಳೀಲಿಲ್ವಾ ಅಂತ ಗೆಳೆಯನೊಬ್ಬ ಕೇಳಿದ. ಉಳಿದವು, ಕೊನೆಯ ಅಂಕಿತದ ಬಲದಿಂದ. ಆದರೂ ಒಂದೇ ವಚನ ಎರಡು ಅಂಕಿತಗಳಲ್ಲಿ ಸಿಗೋದು, ಒಳಗಿನ ಪದಗಳು ಪ್ರತಿಯಿಂದ ಪ್ರತಿಗೆ ಬದಲಾಗೋದು ಸಂಪಾದಕರಿಗೆ ಇವತ್ತಿಗೂ ತಲೆನೋವು. ಕಾವಲಿಲ್ಲದ ಹೊಲ ಅದು, ಬೆಳೆ ಚಿನ್ನದಂಥದ್ದಾದರೂ.

ಪ್ರಾಸ ಹೋದ ಮೇಲೆ ನಮ್ಮ ನೆನಪಿನಲ್ಲಿ ಉಳಿದ ಹೊಸಗನ್ನಡ ಪದ್ಯಗಳು ಯಾವುವು ಅಂತ ಲೆಕ್ಕ ಹಾಕಿ ನೋಡಿ. ನನಗೆ ಬಾಯಿಗೆ ಬರೋದೆಲ್ಲ ಯಾರೋ ರಾಗ ಹಾಕಿದ್ದು. 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂತು, ಆಮೇಲೆ ಭಾವಗೀತೆಯ ಕ್ಯಾಸೆಟ್‌ಗಳು ಮನೆಮನೆಗೆ ಬಂದವು. ಎರಡನೇ ಅಕ್ಷರ ಬಿಟ್ಟುಹೋದ ಕೆಲಸವನ್ನು ಮೈಸೂರು ಅನಂತಸ್ವಾಮಿ, ಅಶ್ವತ್ಥ್ ಹೊತ್ತುಕೊಂಡರು. ಅಡಿಗರನ್ನು ನಾನು ತುಂಬ ಇಷ್ಟಪಟ್ಟು ಓದಿದ್ದೀನಿ. ಪುಸ್ತಕ ಮುಚ್ಚಿದರೆ ಹತ್ತು ಸಾಲು ಸರಿಯಾಗಿ ಬರಲ್ಲ.

ಕೊನೆಯ ಎರಡು ವರ್ಷ ತಾತನಿಗೆ ಮರೆವು. ನನ್ನನ್ನು ನಮ್ಮಪ್ಪನ ಹೆಸರಲ್ಲಿ ಕರೀತಿದ್ದ, ಊಟ ಆಗಿದೆಯೋ ಇಲ್ಲವೋ ಗೊತ್ತಾಗ್ತಿರಲಿಲ್ಲ. ನಾನು ಒಂದು ಸಾಲು ಎತ್ತಿಕೊಟ್ಟರೆ ಮಾತ್ರ ಮುಂದಿನದು ಬರ್ತಿತ್ತು. ಮೂರನೇ ಸಾಲಿಗೆ ನಿಂತರೆ ಆ ಪದ್ಯದ ಪ್ರಾಸಾಕ್ಷರ ಒಂದನ್ನೇ ತುಟಿಯಲ್ಲಿ ಎರಡು ಸಲ ಆಡಿಸಿ ಮುಂದಕ್ಕೆ ಹೋಗಿಬಿಡ್ತಿದ್ದ.

ತಾತ ಹೋದ ಮೇಲೆ ಆ ಅಗ್ಗದ ಪುಸ್ತಕ ಬೆಂಗಳೂರಿಗೆ ತಂದೆ. ವಿರಾಟಪರ್ವದ ಒಂದು ಸಂಧಿಯನ್ನು ಅಚ್ಚಾದ ಹಾಗೇ ಟೈಪ್ ಮಾಡಿ, ಪ್ರಾಸ ಪರೀಕ್ಷಿಸೋ ಸಣ್ಣ ಸ್ಕ್ರಿಪ್ಟ್ ಬರೆದು ಓಡಿಸಿದೆ. ಆರು ತಪ್ಪು ತೋರಿಸಿತು. ಪುಸ್ತಕ ತೆರೆದು ನೋಡಿದರೆ ಆ ಆರೂ ಕಡೆ ತಾತನ ಪೆನ್ಸಿಲ್ ಗುರುತು. ಏಳನೇದೂ ಒಂದಿತ್ತು, ನನ್ನ ಸ್ಕ್ರಿಪ್ಟ್ ಹಿಡಿಯದೆ ಬಿಟ್ಟಿದ್ದು. ವೃಷಭ ಪ್ರಾಸದ ಪದ್ಯ. ನಾನು ಸೊನ್ನೆಯನ್ನೇ ಎರಡನೇ ಅಕ್ಷರ ಅಂತ ಎಣಿಸಿದ್ದೆ. ಆರು ಸಾಲಲ್ಲೂ ಸೊನ್ನೆ ಇದೆ, ಹಾಗಾಗಿ ಸರಿ ಅಂದುಬಿಟ್ಟಿತ್ತು. ಸೊನ್ನೆ ಆದ ಮೇಲೆ ಐದು ಸಾಲಲ್ಲಿ ದಕಾರ, ಒಂದರಲ್ಲಿ ಬಕಾರ. ಆ ಬಕಾರದ ಸುತ್ತ ತಾತ ಎರಡು ಸಲ ಗುಂಡಗೆ ಗೀಟು ಹಾಕಿದ್ದ.