ವಸಡಿನ ಅಂಚಿನ ನೀಲಿ ಗೆರೆ

ವಸಡು ಕಪ್ಪಾಗಿರುವುದೆಲ್ಲ ರೋಗವಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವರ್ಣದ್ರವ್ಯವು ವಸಡಿನಲ್ಲೂ ಇರುವುದರಿಂದ ಕಪ್ಪು, ಕಂದು ಮೈಬಣ್ಣದ ಅನೇಕರಲ್ಲಿ ಅದು ಸಹಜ ಲಕ್ಷಣವೇ ಆಗಿದ್ದು, ಹೊಗೆಸೊಪ್ಪಿನ ಸೇವನೆ, ಕೆಲವು ಔಷಧಗಳು ಹಾಗೂ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಸೊರಗಿದಾಗ ತಲೆದೋರುವ ಅಡಿಸನ್ ಕಾಯಿಲೆಯಿಂದಲೂ ಆ ಬಣ್ಣ ಗಾಢವಾಗುತ್ತದೆ. ಈ ಕಾರಣಗಳ ಸಾಲಿಗೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸೇರಿದ ಸೀಸಕ್ಕೆ ಮಾತ್ರ ದುಡಿಮೆಯ ಚರಿತ್ರೆಯಲ್ಲೇ ಒಂದು ಸ್ಥಾನವಿದೆ.

ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ವೈದ್ಯ ಹೆನ್ರಿ ಬರ್ಟನ್, ಸೀಸದ ನಂಜೇರಿದ ರೋಗಿಗಳ ಬಾಯಿಯನ್ನು ಪರೀಕ್ಷಿಸಿ, ಹಲ್ಲಿನ ಕತ್ತನ್ನು ವಸಡು ಹಿಡಿದಿರುವ ಅಂಚಿನುದ್ದಕ್ಕೂ ಅಂಗುಲದ ಇಪ್ಪತ್ತರಲ್ಲೊಂದು ಪಾಲಿನಷ್ಟು ಅಗಲದ ನೀಲಿ ಗೆರೆ ಇರುವುದನ್ನು 1840ರಲ್ಲಿ ವರ್ಣಿಸಿದನು. ಮುಂದೆ ಅದಕ್ಕೆ ಬರ್ಟನ್ ಗೆರೆ ಎಂದೇ ಹೆಸರಾಯಿತು. ಹಲ್ಲಿಗಂಟಿದ ಪಾಚಿಯಲ್ಲಿ ಬೆಳೆಯುವ ಸೂಕ್ಷ್ಮಾಣುಗಳು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಬಿಡುತ್ತವೆ. ರಕ್ತದಲ್ಲಿ ಹರಿದು ಬಂದ ಸೀಸವು ಅದರೊಡನೆ ಕೂಡಿ, ಸೀಸದ ಸಲ್ಫೈಡ್ ಎಂಬ ಕಪ್ಪು ಕಣಗಳಾಗಿ ವಸಡಿನೊಳಗೇ ನಿಂತುಬಿಡುತ್ತದೆ. ಹಲ್ಲು ಬಿದ್ದುಹೋದ ಕಡೆ ಗೆರೆ ಮೂಡುವುದಿಲ್ಲ, ಬಾಯಿ ಚೊಕ್ಕಟವಾಗಿದ್ದವರಲ್ಲಿ ಕಾಣಿಸದೆಯೂ ಇರಬಹುದು. ಆದ್ದರಿಂದ ಗೆರೆಯಿಲ್ಲದ ಮಾತ್ರಕ್ಕೆ ಮೈಯಲ್ಲಿ ಸೀಸವಿಲ್ಲ ಎನ್ನುವಂತಿಲ್ಲ. ಆದರೂ ಸೀಸದ ನಂಜಿನ ಲಕ್ಷಣವಾದ ಹೊಟ್ಟೆನುಲಿತಕ್ಕೆ ಬೇರೆಯೂ ಹತ್ತಾರು ಕಾರಣಗಳಿರುವಾಗ, ತುಟಿಯನ್ನೆತ್ತಿ ನೋಡಿದೊಡನೆ ರೋಗಿಯ ಕಸುಬಿನ ಕಡೆಗೆ ಬೆರಳು ಮಾಡುವ ಗುರುತೊಂದು ವೈದ್ಯರಿಗೆ ದೊರೆತದ್ದು ಸಣ್ಣ ಸಂಗತಿಯಲ್ಲ.

ಈ ಗುರುತನ್ನು ಹೊತ್ತವರಲ್ಲಿ ಬಣ್ಣ ಬಳಿಯುವವರು, ಕೊಳಾಯಿ ಕೆಲಸದವರು, ಅಚ್ಚಿನ ಮೊಳೆ ಎರಕ ಹೊಯ್ಯುವವರು ಎಲ್ಲರೂ ಇದ್ದರು. ಎಲ್ಲರಿಗಿಂತ ಹೆಚ್ಚು ಬಳಲಿದವರಲ್ಲಿ ಬಣ್ಣಕ್ಕೆ ಬೇಕಾದ ಬಿಳಿ ಸೀಸವನ್ನು ತಯಾರಿಸುವ ಕಾರ್ಖಾನೆಗಳ ಕೂಲಿಗಳು ಸೇರಿದ್ದರು. ಅಲ್ಲಿ ಮಣ್ಣಿನ ಕುಡಿಕೆಗಳಲ್ಲಿ ಹುಳಿದ್ರವವಿಟ್ಟು, ಮೇಲೆ ಸೀಸದ ತುಂಡುಗಳನ್ನು ಜೋಡಿಸಿ, ತೊಗಲು ಹದಮಾಡಿ ಉಳಿದ ತೊಗಟೆಯಲ್ಲಿ ಹುದುಗಿಸಿ, ಪದರದ ಮೇಲೆ ಪದರ ಒಟ್ಟಿ ವಾರಗಟ್ಟಲೆ ಬಿಟ್ಟರೆ, ಕೊಳೆಯುವ ತೊಗಟೆಯ ಕಾವಿಗೂ ಅನಿಲಕ್ಕೂ ಲೋಹವು ಬೆಳ್ಳಗಿನ ಹೊಪ್ಪಳಿಕೆಯಾಗುತ್ತಿತ್ತು. ಅದನ್ನು ಬಿಡಿಸುವ, ಒಣಗಿಸುವ ಕೋಣೆಗಳಿಗೆ ಹೊತ್ತು ಸಾಗಿಸುವ ಕೆಲಸ ನ್ಯೂಕಾಸಲ್‌ನಂಥ ಊರುಗಳಲ್ಲಿ ಬಹುಮಟ್ಟಿಗೆ ಬಡ ಹೆಂಗಸರ ಪಾಲಿಗೆ ಬಿದ್ದಿತ್ತು, ಮತ್ತು ಒಣಗಿದ ಪುಡಿಯ ದೂಳೇ ಎಲ್ಲಕ್ಕಿಂತ ಅಪಾಯಕಾರಿಯಾಗಿತ್ತು.

ಬ್ರಿಟಿಷ್ ಸರ್ಕಾರವು ಈ ಕಾರ್ಖಾನೆಗಳಿಗೆಂದು 1883ರಲ್ಲಿ ಕಾಯಿದೆ ಮಾಡಿತು. ಅತ್ಯಂತ ಅಪಾಯದ ಕೆಲಸಗಳಿಂದ ಹೆಂಗಸರನ್ನು ಹೊರಗಿಟ್ಟದ್ದು 1898ರಲ್ಲಿ, ಅಂದರೆ ಬರ್ಟನ್ನನ ಪ್ರಬಂಧ ಬಂದ 58 ವರ್ಷಗಳ ಮೇಲೆ. ಈ ವಿಳಂಬಕ್ಕೆ ಅರಿವಿನ ಕೊರತೆಯನ್ನು ಕಾರಣವಾಗಿ ಹೇಳಲಾಗದು. ಅದೇ ವರ್ಷ ಕಾರ್ಖಾನೆಗಳ ಮೊದಲ ವೈದ್ಯಕೀಯ ತಪಾಸಣಾಧಿಕಾರಿಯಾಗಿ ನೇಮಕಗೊಂಡ ಥಾಮಸ್ ಲೆಗ್, ಸೀಸದ ನಂಜನ್ನು ತಡೆಯುವುದರಲ್ಲಿಯೇ ವೃತ್ತಿಜೀವನದ ಬಹುಭಾಗವನ್ನು ಕಳೆದನು. ಮನೆಯೊಳಗಿನ ಬಣ್ಣಗಳಲ್ಲಿ ಬಿಳಿ ಸೀಸದ ಬಳಕೆಯನ್ನು ನಿಷೇಧಿಸುವ ಒಪ್ಪಂದವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1921ರಲ್ಲಿ ಅಂಗೀಕರಿಸಿದರೂ ಬ್ರಿಟನ್ ಅದಕ್ಕೆ ಒಪ್ಪಿಗೆ ನೀಡದೆ ಹೋದುದರಿಂದ, ಲೆಗ್ 1926ರಲ್ಲಿ ಹುದ್ದೆಗೆ ರಾಜೀನಾಮೆ ಕೊಟ್ಟನು.